ಕಹಿ ನೋಡುವವಳು

ನಮ್ಮ ಕಾರ್ಖಾನೆಯಲ್ಲಿ ಯಂತ್ರಗಳು ನಾಲ್ಕೇ ನಾಲ್ಕು. ಬೇರು ತೊಳೆಯುವುದೊಂದು, ಹೆಚ್ಚುವುದೊಂದು, ಹಿಂಡುವುದೊಂದು, ಸೀಸೆಗೆ ತುಂಬುವುದೊಂದು. ಐದನೆಯದು ಜಾರ್ಜೆತ್‌ಳ ನಾಲಿಗೆ. ಹೀಗೆ ಹೇಳುತ್ತಿದ್ದವನು ನಮ್ಮ ಮ್ಯಾನೇಜರ್ ರೆಜಿಸ್. ಹೊರಗಿನವರು ಯಾರಾದರೂ ನೋಡಲು ಬಂದರೆ ಅವಳನ್ನೂ ಯಂತ್ರದ ಹಾಗೆಯೇ ಬೆರಳು ಮಾಡಿ ತೋರಿಸುತ್ತಿದ್ದ. "ಇದಕ್ಕೆ ಮಾತ್ರ ಎಣ್ಣೆ ಬಿಡೋ ಹಾಗಿಲ್ಲ" ಅನ್ನುತ್ತಿದ್ದ. ಜಾರ್ಜೆತ್ ತಲೆ ಎತ್ತದೆ, "ವೈನ್ ಬಿಟ್ರೆ ಸಾಕು" ಅನ್ನುತ್ತಿದ್ದಳು.

ನಾವು ಮಾಡುತ್ತಿದ್ದದ್ದು ಜೆನ್ಷಿಯನ್ ಬೇರಿನ ಸಾರ. ಕಾಂತಾಲ್ ಬೆಟ್ಟದ ಹುಲ್ಲುಗಾವಲಲ್ಲಿ ತಾನಾಗಿ ಬೆಳೆಯುವ ಗಿಡ ಅದು. ಬೇರು ತೋಳಿನಷ್ಟು ದಪ್ಪ, ಕಹಿಯೆಂದರೆ ಕಹಿ. ಬೆಳಿಗ್ಗೆ ಒಂದು ಚೂರು ಕಚ್ಚಿದರೆ ಮಧ್ಯಾಹ್ನದ ಊಟದಲ್ಲೂ ಅದೇ ರುಚಿ. ಬೇರನ್ನು ಹೆಚ್ಚಿ ಮದ್ಯಸಾರದಲ್ಲಿ ತಿಂಗಳುಗಟ್ಟಲೆ ನೆನೆಸಿ ಸಾರ ತೆಗೆದರೆ ಅರ್ಧ ಭಾಗ ಹಸಿವೆ ಹುಟ್ಟಿಸುವ ಟಾನಿಕ್ಕಿಗೆ ಹೋಗುತ್ತಿತ್ತು, ಇನ್ನರ್ಧ ಮುಖಕ್ಕೆ ಹಚ್ಚುವ ಕ್ರೀಮಿಗೆ. ಕ್ರೀಮಿನ ಡಬ್ಬಿಯ ಮೇಲೆ ಇಪ್ಪತ್ತರ ಹುಡುಗಿಯೊಬ್ಬಳ ಕೆನ್ನೆಯ ಚಿತ್ರ. ನಾವೆಲ್ಲ ಹೆಂಗಸರು ಅದನ್ನು ನೋಡಿ ನಗುತ್ತಿದ್ದೆವು. "ಇಷ್ಟು ವರ್ಷದಿಂದ ಮೊಣಕೈ ತನಕ ಇದರಲ್ಲೇ ಮುಳುಗಿದ್ದೀನಿ ಕಣೇ, ನನ್ನ ಕೈ ನೋಡು, ಆಮೆ ಚಿಪ್ಪು" ಎಂದು ನಾನೂ ಎಷ್ಟೋ ಸಲ ತೋರಿಸಿದ್ದೇನೆ. ನನ್ನ ಹೆಸರು ಸೊಲಾಂಜ್. ಹೆಚ್ಚುವ ಯಂತ್ರದ ಮುಂದೆ ನಿಲ್ಲುವವಳು.

ಈ ಜೆನ್ಷಿಯನ್‌ಗೆ ಒಂದು ಕೆಟ್ಟ ಜೋಡಿ ಇದೆ. ವರೇರ್ ಎನ್ನುತ್ತೇವೆ. ಅದೇ ಹುಲ್ಲುಗಾವಲು, ಅದೇ ಅಗಲದ ಗೆರೆಗೆರೆಯ ಎಲೆ. ಆದರೆ ಬೇರಿನಲ್ಲಿ ವಿಷ. ದನ ಕೂಡ ಮೂಸಿ ಪಕ್ಕಕ್ಕೆ ಹೋಗುತ್ತದೆ. ಹೂವು ಬಂದ ಮೇಲೆ ಕುರುಡನೂ ಗುರುತು ಹಿಡಿಯಬಹುದು. ಮೇ ತಿಂಗಳಲ್ಲಿ, ಎಲೆ ಮಾತ್ರ ಇರುವಾಗ, ಕಣ್ಣಿದ್ದವರೂ ಮೋಸ ಹೋಗುತ್ತಾರೆ. ಜೆನ್ಷಿಯನ್ ಎಲೆ ಎರಡೆರಡು ಎದುರುಬದುರಾಗಿ ಹುಟ್ಟುತ್ತದೆ, ವರೇರ್ ಎಲೆ ಒಂದು ಈ ಕಡೆ, ಒಂದು ಆ ಕಡೆ, ಮೆಟ್ಟಿಲಿನ ಹಾಗೆ. ಅದಕ್ಕೇ ನಮ್ಮಲ್ಲಿ ನಿಯಮ: ಬೇರು ಅಗೆಯುವವರು ಅದರ ತಲೆಯನ್ನು ಕತ್ತರಿಸಬಾರದು. ಎಲೆ ಹುಟ್ಟಿದ ಗುರುತು ಹಾಗೇ ಇರಬೇಕು. ಅದನ್ನು ಮೊದಲು ಕಣ್ಣು ನೋಡಬೇಕು, ಆಮೇಲೆ ನಾಲಿಗೆ ನೋಡಬೇಕು.

ಆ ನಾಲಿಗೆ ಮೂವತ್ತೊಂದು ವರ್ಷದಿಂದ ಜಾರ್ಜೆತ್‌ಳದು. ಮೂಟೆ ಬಂದ ತಕ್ಷಣ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ಪ್ರತಿ ಮೂಟೆಯಿಂದ ನಾಲ್ಕೈದು ಬೇರು ಎಳೆದು, ಕರಿ ಹಿಡಿಯ ಸಣ್ಣ ಚಾಕುವಿನಲ್ಲಿ ತೆಳ್ಳಗೆ ಸೀಳಿ, ಬಾಯಿಗೆ ಹಾಕಿಕೊಂಡು ಗೋಡೆ ಗಡಿಯಾರ ನೋಡುತ್ತಿದ್ದಳು. ಜೆನ್ಷಿಯನ್ ತಕ್ಷಣ ಕಹಿ, ಕೊನೆತನಕ ಕಹಿ. ವರೇರ್ ಮೊದಲು ಸ್ವಲ್ಪ ಸಿಹಿ, ಆಮೇಲೆ ಉರಿ, ಆಮೇಲೆ ನಾಲಿಗೆಗೆ ಜೋಮು. ಒಂದು ನಿಮಿಷ ಆದ ಮೇಲೆ ತಗಡಿನ ಬೋಗುಣಿಗೆ ಉಗುಳಿ, ಹಾಲು ಮುಕ್ಕಳಿಸಿ, "ಹೂಂ" ಅನ್ನುತ್ತಿದ್ದಳು. ಆ ಒಂದು "ಹೂಂ" ಕೇಳುವ ತನಕ ಅಗೆಯುವ ಗಂಡಸರು ಟೋಪಿ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದರು. ಯಾವ ಇಳಿಜಾರಿನ ಬೇರು, ಬಿಸಿಲಿನ ಕಡೆಯದೋ ನೆರಳಿನ ಕಡೆಯದೋ, ಅದನ್ನೂ ಹೇಳಿಬಿಡುತ್ತಿದ್ದಳು. ನಮ್ಮೂರಲ್ಲಿ ಪಾದ್ರಿಯ ಮಾತನ್ನು ಬೇಕಾದರೆ ಅನುಮಾನಿಸುತ್ತಿದ್ದರು, ಅವಳ "ಹೂಂ" ಅನ್ನು ಅನುಮಾನಿಸುತ್ತಿರಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ಕೊರೊನಾ ನಮ್ಮೂರಿಗೂ ಬಂತು. ಜಾರ್ಜೆತ್ ಮೂರು ವಾರ ಮಲಗಿದಳು. ಎದ್ದು ಬಂದಾಗ ತೆಳ್ಳಗಾಗಿದ್ದಳು, ಅಷ್ಟೇ ಎಂದುಕೊಂಡೆವು. ಏಪ್ರಿಲ್‌ನಲ್ಲಿ ಮೊದಲ ಮೂಟೆಗಳು ಬರುವ ಹಿಂದಿನ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ನನ್ನ ಕಾಫಿ ಲೋಟ ಕಿತ್ತುಕೊಂಡು ಒಂದು ಗುಟುಕು ಕುಡಿದಳು.

"ಸಕ್ಕರೆ ಹಾಕಿದ್ಯಾ?" ಎಂದು ಕೇಳಿದಳು.

"ಮೂರು ಚಮಚ. ನಿಂಗೊತ್ತಲ್ಲ ನನ್ನ ಚಾಳಿ."

"ನಂಗೆ ಗೊತ್ತಾಗ್ಲಿಲ್ಲ." ಲೋಟ ವಾಪಸು ಕೊಟ್ಟಳು. "ಕಾಫೀನೋ ಬಿಸಿನೀರೋ ಅದೂ ಗೊತ್ತಾಗ್ಲಿಲ್ಲ. ನಾಲಿಗೆ ಸತ್ತಿದೆ ಸೊಲಾಂಜ್. ಕ್ರಿಸ್‌ಮಸ್‌ನಿಂದ."

ನಾನು ಮೊದಲು ನಕ್ಕೆ. ಆಮೇಲೆ ಅವಳ ಮುಖ ನೋಡಿದೆ.

"ರೆಜಿಸ್‌ಗೆ ಹೇಳು. ಪಾಪದವನು, ಆಫೀಸಲ್ಲಿ ಕೂರಿಸ್ತಾನೆ. ನಿವೃತ್ತಿಗೆ ಇನ್ನೆರಡು ವರ್ಷ ತಾನೇ?"

"ಕೂರಿಸ್ತಾನೆ. ಅಲ್ಲಿ ಕೂತು ಏನ್ ಮಾಡ್ಲಿ, ಲಕೋಟೆ ನೆಕ್ಕಲಾ? ಊರಲ್ಲಿ ನಾನು ಅಂದ್ರೆ ಏನು ಹೇಳು. ಗಂಡ ಇಲ್ಲ, ಮಕ್ಕಳಿಲ್ಲ, ರೂಪ ಅಂತೂ ದೇವರು ಹಂಚೋ ದಿನ ನಾನು ಕ್ಯೂನಲ್ಲೇ ಇರ್ಲಿಲ್ಲ. ಇದ್ದದ್ದು ಇದೊಂದು. ಬರುತ್ತೆ ಅಂತಾರೆ ಡಾಕ್ಟರು. ಬರೋ ತನಕ ಯಾರಿಗೂ ಗೊತ್ತಾಗಬಾರದು."

ಹದಿನೆಂಟು ವರ್ಷದ ಹಿಂದೆ ನನ್ನ ಗಂಡ ಎರಡು ಮಕ್ಕಳನ್ನೂ ನನ್ನನ್ನೂ ಬಿಟ್ಟು ಹೋದಾಗ ನನ್ನ ಕೈ ಹಿಡಿದು ಈ ಕಾರ್ಖಾನೆಗೆ ಕರೆದುಕೊಂಡು ಬಂದವಳು ಅವಳು. ಬೇರಿನ ರುಚಿ ನನಗೆ ಕಲಿಸಿದವಳೂ ಅವಳೇ, ಬೇಜಾರಿನ ಹೊತ್ತಿನಲ್ಲಿ, ತಮಾಷೆಗೆ. ಹಾಗಾಗಿ ಆ ಉಪಾಯ ಹೊಳೆದದ್ದು ನನಗೆ. ಅದನ್ನು ಇಲ್ಲಿ ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಹೊಳೆದದ್ದು ನನಗೆ, ಅವಳಿಗಲ್ಲ.

ನನ್ನ ಯಂತ್ರ ಅವಳ ಕುರ್ಚಿಯಿಂದ ಮೂರು ಹೆಜ್ಜೆ. ಮಾಸ್ಕ್ ಹಾಕಿಕೊಂಡ ಕಾಲ, ಯಾರ ಬಾಯಲ್ಲಿ ಏನಿದೆ ಯಾರಿಗೂ ಕಾಣದು. ಅವಳು ಬೇರು ಸೀಳಿ ಒಂದು ಚೂರು ತಾನು ಹಾಕಿಕೊಳ್ಳುವುದು, ಉಳಿದ ತುಂಡನ್ನು "ಹದ ನೋಡು" ಎಂದು ನನ್ನ ಮೇಜಿಗೆ ಎಸೆಯುವುದು. ನಾನು ಬೆನ್ನು ತಿರುಗಿಸಿ ಕಚ್ಚಿ ನೋಡುವುದು. ಸರಿಯಾಗಿದ್ದರೆ ಉಂಗುರದ ಬೆರಳಿನಿಂದ ತಗಡಿನ ಮೇಜಿನ ಮೇಲೆ ಒಂದು ಸಲ ತಟ್ಟುವುದು, ಕೆಟ್ಟದಾದರೆ ಎರಡು ಸಲ. ಅವಳು ಗಡಿಯಾರ ನೋಡುತ್ತಾ ಕಾಯುವುದು. ಟಕ್. "ಹೂಂ."

ಏಪ್ರಿಲ್ ಪೂರ್ತಿ ಹೀಗೇ ನಡೆಯಿತು. ಒಂದು ಸಲ ಎರಡು ತಟ್ಟಿದೆ, ಅವಳು ಮೂಟೆಯನ್ನು ಕಾಲಲ್ಲಿ ಒದ್ದು, "ಯಾವನೋ ಇದು ವಿಷ ತಂದೋನು? ನನ್ನ ಸಾಯಿಸೋಕೆ ಬಂದ್ಯಾ?" ಎಂದು ಕೂಗಾಡಿದಳು. ಅಂದು ಸಂಜೆ ಬಸ್ ಸ್ಟಾಪಿನಲ್ಲಿ ಇಬ್ಬರೂ ಹುಡುಗಿಯರ ಹಾಗೆ ನಕ್ಕೆವು. "ಉಗುಳಿದ್ದು ನೋಡಿದ್ಯಾ ನಾನು? ನಾಟಕ ಕಂಪನಿ ಸೇರಬೇಕಿತ್ತು" ಎಂದಳು. ನನಗೂ ಒಳಗೊಳಗೇ ಹೆಮ್ಮೆ. ಊರು ನಂಬುತ್ತಿದ್ದ ನಾಲಿಗೆ ಈಗ ನನ್ನ ಬಾಯಲ್ಲಿತ್ತು.

ಮೇ ತಿಂಗಳ ಒಂದು ಗುರುವಾರ ನನಗೆ ಹಲ್ಲು ಕೀಳಿಸಬೇಕಿತ್ತು. ಒರಿಯಾಕ್ ಪಟ್ಟಣದ ಡಾಕ್ಟರು, ಎರಡು ತಿಂಗಳು ಕಾದು ಸಿಕ್ಕಿದ ದಿನ.

"ಗುರುವಾರ ಯಾರಾದ್ರೂ ಬೇರು ತಂದ್ರೆ ಇಳಿಸಿಕೊಂಡು ಇಟ್ಟಿರು. ಶುಕ್ರವಾರ ನೋಡೋಣ" ಎಂದೆ.

"ಸರಿ ಕಣೆ ಅಮ್ಮ. ನಾನೇನು ಮಗೂನಾ?"

ಗುರುವಾರ ನಡೆದದ್ದನ್ನು ನಾನು ನೋಡಿಲ್ಲ. ಆಮೇಲೆ ಎಲ್ಲರ ಬಾಯಿಂದ ಕೇಳಿದ್ದೇನೆ, ಎಲ್ಲರೂ ಒಂದೇ ಥರ ಹೇಳಿದರು. ಬೆಳಿಗ್ಗೆಯಿಂದ ಮಳೆ. ಹನ್ನೊಂದರ ಸುಮಾರಿಗೆ ಅಡೆಲಿನೊ ಬಂದ, ಜೊತೆಗೆ ಇನ್ನಿಬ್ಬರು. ಪೋರ್ಚುಗಲ್‌ನವನು, ಆದರೆ ನಮ್ಮ ಬೆಟ್ಟಕ್ಕೆ ಬಂದು ಇಪ್ಪತ್ತೈದು ವರ್ಷ. ಅವನೂ ಅವನ ತಮ್ಮ ಸೆಲ್ಸೊನೂ ಮೇಲಿನ ಕಲ್ಲಿನ ಕೊಟ್ಟಿಗೆಯಲ್ಲಿ ಬೇಸಿಗೆಯಿಡೀ ಉಳಿದು, ಆಳುದ್ದದ ಕಬ್ಬಿಣದ ಕವೆಗೋಲಿನಿಂದ ಬೇರು ಕೀಳುತ್ತಿದ್ದರು. ಕೆಲಸ ಎಂದರೆ ಅವರದು. ಆ ವರ್ಷ ಜನ ಸಾಲದೆ ಟೈರ್ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡವನೊಬ್ಬನನ್ನು ಸೇರಿಸಿಕೊಂಡಿದ್ದರು. ಆ ಹೊಸಬ, ಪಾಪ, ಅಚ್ಚುಕಟ್ಟಿನ ಮನುಷ್ಯ. ತಾನು ಕಿತ್ತ ಬೇರುಗಳನ್ನು ಹೊಳೆಯಲ್ಲಿ ತೊಳೆದು, ಕೂದಲಂಥ ಸಣ್ಣ ಬೇರುಗಳನ್ನೆಲ್ಲ ಸವರಿ, ತಲೆಯನ್ನೂ ನೀಟಾಗಿ ಕತ್ತರಿಸಿ ತುಂಬಿದ್ದ. ಎರಡು ಮೂಟೆ.

ಅಡೆಲಿನೊ ಅದನ್ನು ಮುಚ್ಚಿಡಲಿಲ್ಲ. "ಮದಾಂ ಜಾರ್ಜೆತ್, ಈ ಎರಡರಲ್ಲಿ ತಲೆ ಹೋಗಿದೆ. ಹೊಸಬ, ಗೊತ್ತಿಲ್ದೆ ಮಾಡಿದಾನೆ. ನೀವು ಬಾಯಿಗೆ ಹಾಕಿ ನೋಡಿ. ನಿಮಗೆ ಸರಿ ಅನ್ನಿಸ್ಲಿಲ್ಲ ಅಂದ್ರೆ ನಾನೇ ಒಯ್ದು ಹಳ್ಳಕ್ಕೆ ಸುರೀತೀನಿ."

ತಲೆಯಿಲ್ಲದ ಬೇರು ಬೇಡ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾಳೆ ನೋಡುತ್ತೇನೆ ಎಂದಿದ್ದರೂ ಸಾಕಿತ್ತು. ಆದರೆ ಮೂವತ್ತೊಂದು ವರ್ಷದಲ್ಲಿ ಅವಳು ಯಾವ ಮೂಟೆಗೂ "ನಾಳೆ" ಎಂದವಳಲ್ಲ. ಹೊರಗೆ ಮಳೆ, ಮೂವರು ಗಂಡಸರು ಟೋಪಿ ಕೈಯಲ್ಲಿ ಹಿಡಿದು ನೀರು ಸುರಿಸುತ್ತಾ ನಿಂತಿದ್ದಾರೆ, ರೆಜಿಸ್ ಆಫೀಸಿನ ಬಾಗಿಲಲ್ಲಿ ಒರಗಿ ನೋಡುತ್ತಿದ್ದಾನೆ. ಸೆಲ್ಸೊ ಬೇರೆ ಕೆಣಕಿದನಂತೆ: "ಮದಾಂಗೆ ವಯಸ್ಸಾಯ್ತು ಅಣ್ಣ, ಕನ್ನಡಕ ಬೇಕೇನೋ ನಾಲಿಗೆಗೆ."

"ನಿನ್ನ ಮದುವೆಗೆ ಬೇಕು ಕನ್ನಡಕ, ನಿನ್ನ ಮುಖ ನೋಡಿ ಒಪ್ಪೋಳಿಗೆ" ಎಂದಳಂತೆ ಜಾರ್ಜೆತ್. ಎಲ್ಲರೂ ನಕ್ಕರು. ಅವಳು ಬೇರು ಸೀಳಿದಳು, ಮಾಸ್ಕ್ ಇಳಿಸಿ ಬಾಯಿಗೆ ಹಾಕಿಕೊಂಡಳು, ಗಡಿಯಾರ ನೋಡಿದಳು, ಉಗುಳಿದಳು. "ಹೂಂ."

ಮಧ್ಯಾಹ್ನವೇ ಬೇರೆಯವಳೊಬ್ಬಳು ಅದನ್ನು ಹೆಚ್ಚಿ ಸಣ್ಣ ಪೀಪಾಯಿಗೆ ಹಾಕಿ ಮದ್ಯಸಾರ ಸುರಿದಳು.

ಶುಕ್ರವಾರ ನಾನು ಬಂದಾಗ ನನ್ನ ಕೆನ್ನೆ ಬ್ರೆಡ್ಡಿನ ಹಾಗೆ ಊದಿತ್ತು. ಪೀಪಾಯಿ ಮೇಲೆ ಅಡೆಲಿನೊ ಹೆಸರಿನ ಚೀಟಿ ನೋಡಿದೆ.

"ಯಾರು ನೋಡಿದ್ದು ಇದನ್ನ?"

"ನಾನು."

"ನೀನು ಹೇಗೆ..."

"ಮೆಲ್ಲಗೆ ಮಾತಾಡು. ಮೂವತ್ತೊಂದು ವರ್ಷ ನೋಡಿದೀನಿ ಸೊಲಾಂಜ್. ಕೈಗೂ ಗೊತ್ತಾಗುತ್ತೆ. ಮತ್ತೆ ಅದು ಅಡೆಲಿನೊ ಬೇರು, ದಾರೀಲಿ ಹೋಗೋನದಲ್ಲ."

ಅಡೆಲಿನೊ ಬೇರು ಎನ್ನುವುದು ನನಗೂ ಸಮಾಧಾನ ಕೊಟ್ಟಿತು. ಸೋಮವಾರ ಯಂತ್ರದ ಕೆಳಗೆ ಗುಡಿಸುವಾಗ ಒಂದು ಚೂರು ಸಿಕ್ಕಿತು. ಹೆಬ್ಬೆರಳಷ್ಟು. ಜೆನ್ಷಿಯನ್ ನಾಲ್ಕು ದಿನ ಗಾಳಿಗೆ ಬಿದ್ದಿದ್ದರೆ ಹಳದಿಗೆ ತಿರುಗಬೇಕು. ಇದು ಬೆಳ್ಳಗೇ ಇತ್ತು, ಸುಣ್ಣದ ಹಾಗೆ. ಕಚ್ಚಿ ನೋಡೋಣವೆಂದರೆ ಬಾಯಲ್ಲಿ ಹೊಲಿಗೆ, ಔಷಧಿಯ ರುಚಿ. ಎಳೆಯ ಬೇರಿರಬೇಕು, ಎಳೆಯದು ಕೆಲವೊಮ್ಮೆ ಬೆಳ್ಳಗೇ ಉಳಿಯುತ್ತದೆ ಎಂದುಕೊಂಡೆ. ಹೊಲಿಗೆ ಬಿಚ್ಚಿದ ಮೇಲೆ ನೋಡಿದರಾಯಿತು. ಮಾರಾಟಕ್ಕೆ ಹೋಗುವ ಮುಂಚೆ ಹೇಗೂ ಕ್ಲೆರ್ಮೋಂ ಪಟ್ಟಣದ ಲ್ಯಾಬಿಗೆ ಹೋಗುತ್ತದೆ, ಅಲ್ಲಿ ಸಿಕ್ಕೇ ಸಿಗುತ್ತದೆ. ಚೂರನ್ನು ಏಪ್ರನ್ ಜೇಬಿಗೆ ಹಾಕಿದೆ.

ಜೇಬಿಗೆ ಹಾಕುವಾಗ ನನಗೆ ಮೊದಲ ಸೀಸೆಯ ನೆನಪೇ ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂತು. ಪಕ್ಕಕ್ಕೆ ತಳ್ಳಿದೆ.

ಮೊದಲ ಸೀಸೆ ಎಂದರೆ ಇದು: ಯಾವ ತಂಡ ಬೇರು ತಂದಿತೋ ಆ ತಂಡಕ್ಕೆ, ಅದೇ ಪೀಪಾಯಿಯಿಂದ, ಒಂಬತ್ತನೆಯ ದಿನ ಒಂದು ಸೀಸೆ. ಲ್ಯಾಬೂ ಇಲ್ಲ, ಕಾಗದವೂ ಇಲ್ಲ. ನಮ್ಮ ಅಜ್ಜಂದಿರ ಕಾಲದಿಂದ ಬಂದದ್ದು. ಅಗೆಯುವವರು ಅದಕ್ಕೆ ಬಿಳಿ ವೈನು, ಸಕ್ಕರೆ ಬೆರೆಸಿ, ಒಂದು ಹಸಿ ಬೇರಿನ ಚೂರನ್ನೂ ತಾವೇ ಹಾಕಿ, ಭಾನುವಾರ ಊಟಕ್ಕೆ ಮುಂಚೆ ಕುಡಿಯುತ್ತಾರೆ. ಕೊಡುವವಳು ಯಾವಾಗಲೂ ಜಾರ್ಜೆತ್. ಆ ಶನಿವಾರವೂ ಅವಳೇ ಕೊಟ್ಟಳು. ಅಡೆಲಿನೊ ಸೀಸೆಗೆ ಮುತ್ತು ಕೊಟ್ಟ. ನಾನು ಮೂರು ಹೆಜ್ಜೆ ದೂರದಲ್ಲಿ ಯಂತ್ರ ಒರೆಸುತ್ತಿದ್ದೆ.

ಭಾನುವಾರ ಬೆಟ್ಟದ ಮೇಲೆ ಮೋಡ ಇಳಿದಿತ್ತು. ಅಡೆಲಿನೊ ಒಂದು ಲೋಟ ಕುಡಿದ, ಹೊಸಬ ಅರ್ಧ. ಸೆಲ್ಸೊಗೆ ಎರಡು ದಿನದಿಂದ ಹೊಟ್ಟೆ ಸರಿಯಿರಲಿಲ್ಲ. ಹೊಟ್ಟೆಗೆ ಇದಕ್ಕಿಂತ ಮದ್ದಿಲ್ಲವೆಂದು ಮೂರು ಲೋಟ ಕುಡಿದ. ಅರ್ಧ ಗಂಟೆಯಲ್ಲಿ ಮೂವರೂ ವಾಂತಿ ಮಾಡಿಕೊಳ್ಳುತ್ತಿದ್ದರು. ಸೆಲ್ಸೊಗೆ ವಾಂತಿ ನಿಂತು ಮೈ ತಣ್ಣಗಾಗತೊಡಗಿತು. ನಾಡಿ ಸಿಗುತ್ತಿಲ್ಲ ಎಂದು ಅಡೆಲಿನೊ ಫೋನಿನಲ್ಲಿ ಅಳುತ್ತಿದ್ದನಂತೆ. ಹೆಲಿಕಾಪ್ಟರ್ ಮೋಡದಲ್ಲಿ ಇಳಿಯಲಾಗದೆ ವಾಪಸು ಹೋಯಿತು. ಆಂಬುಲೆನ್ಸ್ ಕೆಸರಿನ ದಾರಿಯ ಅರ್ಧಕ್ಕೆ ನಿಂತಿತು. ಅಡೆಲಿನೊ ತಾನೂ ಓಲಾಡುತ್ತಾ ತಮ್ಮನನ್ನು ಬೇರಿನ ಮೂಟೆಯ ಹಾಗೆ ಹೆಗಲ ಮೇಲೆ ಹಾಕಿಕೊಂಡು ಕೆಳಗೆ ಇಳಿದ. ಆಂಬುಲೆನ್ಸ್ ಹತ್ತಿರ ಬಂದು ಇಳಿಸಿದಾಗ ಸೆಲ್ಸೊ ಇರಲಿಲ್ಲ. ಅವನಿಗೆ ನಲವತ್ತೊಂದು.

ಸೋಮವಾರ ಬೆಳಿಗ್ಗೆ, ಪೊಲೀಸರು ಬರುವುದಕ್ಕೆ ಒಂದು ಗಂಟೆ ಮುಂಚೆ, ರೆಜಿಸ್ ಸಣ್ಣ ಪೀಪಾಯಿಯ ತಿರುಪು ಬಿಚ್ಚಿ ಚರಂಡಿಗೆ ಬಿಟ್ಟ. ಬೇರಿನ ಚರಟವನ್ನು ಬಾಯ್ಲರಿಗೆ ಹಾಕಿದ. "ಸುಮ್ನೆ ಯಾಕೆ ರಿಸ್ಕು" ಎಂದ, ಯಾರ ಮುಖವನ್ನೂ ನೋಡದೆ. ಪೊಲೀಸರಿಗೆ ಸಿಕ್ಕಿದ್ದು ಕೊಟ್ಟಿಗೆಯಲ್ಲಿದ್ದ ಸೀಸೆ ಒಂದೇ. ಅದರಲ್ಲಿ ವರೇರ್ ವಿಷ ಇತ್ತು. ಅದರಲ್ಲಿ ಅಡೆಲಿನೊ ತನ್ನ ಕೈಯಾರೆ ಹಾಕಿದ ಬೇರಿನ ಚೂರೂ ಇತ್ತು, ನೆನೆದು ಬಣ್ಣಗೆಟ್ಟು ಯಾವುದೆಂದು ಗುರುತು ಸಿಗದ ಹಾಗೆ.

ಜಾರ್ಜೆತ್ ಪೊಲೀಸರ ಮುಂದೆ ಹೇಳಿದಳು: "ನಾನು ರುಚಿ ನೋಡಿದೀನಿ. ಇಲ್ಲಿಂದ ಹೋದಾಗ ಸರಿಯಾಗೇ ಇತ್ತು."

ಅಷ್ಟು ಸಾಕಾಯಿತು. ಸಂಜೆಯೊಳಗೆ ಬೇಕರಿಯಲ್ಲಿ, ಔಷಧಿ ಅಂಗಡಿಯಲ್ಲಿ, ಇಗರ್ಜಿಯ ಮೆಟ್ಟಿಲ ಮೇಲೆ ಒಂದೇ ಮಾತು. ಪಾಪ ಅಡೆಲಿನೊ, ಆತುರದಲ್ಲಿ ವರೇರ್ ಚೂರು ಹಾಕಿಬಿಟ್ಟಿದ್ದಾನೆ. ಇಪ್ಪತ್ತೈದು ವರ್ಷದ ಅನುಭವ, ನೋಡಿ, ಸ್ವಂತ ತಮ್ಮನನ್ನೇ. ಕೆಟ್ಟ ಮನಸ್ಸಿನಿಂದ ಯಾರೂ ಹೇಳಲಿಲ್ಲ. ಕನಿಕರದಿಂದ ಹೇಳಿದರು, ಅದಕ್ಕೇ ಎಲ್ಲರೂ ನಂಬಿದರು. ಕೊನೆಗೆ ಅಡೆಲಿನೊನೂ ನಂಬತೊಡಗಿದ. ಮಣ್ಣು ಮಾಡುವಾಗ ತನ್ನ ಬಲಗೈಯನ್ನು ಕೋಟಿನೊಳಗೆ ಮುಚ್ಚಿಟ್ಟುಕೊಂಡಿದ್ದ. ಊಟ ಬಿಟ್ಟಿದ್ದಾನೆ, ಆ ಕೈಯಲ್ಲಿ ರೊಟ್ಟಿ ಕೂಡ ಮುಟ್ಟುವುದಿಲ್ಲ ಎಂದು ಅವನ ಹೆಂಡತಿ ನನ್ನ ಹತ್ತಿರ ಅತ್ತಳು.

ಮಣ್ಣು ಮಾಡಿದ ದಿನವೇ ಮಧ್ಯಾಹ್ನ ಜಾರ್ಜೆತ್ ಮನೆಗೆ ಹೋದೆ. ಅಡುಗೆಮನೆಯಲ್ಲಿ ಕೂತಿದ್ದಳು, ಮುಂದೆ ಸೂಪು ಆರಿ ಕೆನೆಗಟ್ಟಿತ್ತು.

"ಹೇಳಿಬಿಡು ಜಾರ್ಜೆತ್. ನಾನೂ ಜೊತೆಗೆ ಬರ್ತೀನಿ."

"ಹೇಳಿದ್ರೆ ಸೆಲ್ಸೊ ಎದ್ದು ಬರ್ತಾನಾ?"

"ಇನ್ನೊಬ್ಬ ಇದಾನಲ್ಲ ಬದುಕಿರೋನು."

"ಚೂರು ಹಾಕಿದ್ದು ಅವನು. ಯಾರಿಗ್ ಗೊತ್ತು, ಅದೇ ಇರಬಹುದು." ಕಣ್ಣು ಕೆಳಗೆ ಹಾಕಿ ಚಮಚ ತಿರುಗಿಸಿದಳು. "ಮತ್ತೆ ನಾನೊಬ್ಬಳೇ ಹೇಳೋಕಾಗಲ್ಲ. ಏಪ್ರಿಲ್‌ನಿಂದ ತಟ್ಟಿದ್ದು ಯಾರ ಬೆರಳು ಅಂತಾನೂ ಹೇಳಬೇಕಾಗುತ್ತೆ. ನಿನ್ನ ಕೆಲಸಾನೂ ಹೋಗುತ್ತೆ. ಯೋಚನೆ ಮಾಡು."

ನಾನು ಯೋಚನೆ ಮಾಡಿದೆ. ಮಾಡುತ್ತಾ ಮಾಡುತ್ತಾ ಹನ್ನೆರಡು ದಿನ ಕಳೆಯಿತು. ಬೇರಿನ ಮೂಟೆಗಳು ಮತ್ತೆ ಬರತೊಡಗಿದವು. ಅವಳು ಕುರ್ಚಿಯಲ್ಲಿ ಕೂತಳು. ನಾನು ಕಚ್ಚಿ ನೋಡಿ ತಟ್ಟಿದೆ. ತಟ್ಟದಿದ್ದರೆ ಇನ್ನೊಬ್ಬ ಸಾಯುತ್ತಾನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಹದಿಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅಡೆಲಿನೊ ಬಂದ. ಮೂಟೆ ಇಲ್ಲ. ಕರಿ ಕೋಟು, ಎಡಗೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಸೀಸೆ ತುಂಬುವ ಹೆಂಗಸರು ಕೈ ನಿಲ್ಲಿಸಿದರು. ಯಂತ್ರಗಳು ಒಂದೊಂದಾಗಿ ನಿಂತವು. ಅವನು ನೇರ ಜಾರ್ಜೆತ್ ಮುಂದೆ ಬಂದು ತಟ್ಟೆಯನ್ನು ಅವಳ ಸಣ್ಣ ಮೇಜಿನ ಮೇಲಿಟ್ಟು ಬಟ್ಟೆ ತೆಗೆದ. ಸಿಪ್ಪೆ ಹೆರೆದು ಒಣಗಿಸಿದ ಎರಡು ಬಿಲ್ಲೆಗಳು. ಎರಡೂ ಒಂದೇ ಅಳತೆ, ಒಂದೇ ಮಾಸಲು ಹಳದಿ.

"ಮದಾಂ ಜಾರ್ಜೆತ್, ನಿದ್ದೆ ಬರ್ತಿಲ್ಲ ನಂಗೆ" ಎಂದ. ಧ್ವನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ನಾನು ಹಾಕಿದ ಚೂರು ಜೆನ್ಷಿಯನ್ನೇ ಅಂತ ನನ್ನ ಕೈ ಹೇಳುತ್ತೆ. ನಿಮ್ಮ ನಾಲಿಗೆ ಅಲ್ಲ ಅನ್ನುತ್ತೆ. ಇಬ್ಬರಲ್ಲಿ ಒಬ್ಬರು ತಪ್ಪು. ನೀವು ಇದರಲ್ಲಿ ಯಾವುದು ಯಾವುದು ಅಂತ ಹೇಳಿಬಿಡಿ ಸಾಕು. ಹೇಳಿದ್ರೆ ನಾನೇ ಕೊಂದೆ ಅಂತ ಒಪ್ಕೊಂಡು ಸುಮ್ಮನಾಗ್ತೀನಿ."

ರೆಜಿಸ್ ಆಫೀಸಿನಿಂದ ಓಡಿ ಬಂದ. "ಏನಿದು ಅಡೆಲಿನೊ, ಇದೇನು ಸರ್ಕಸ್ಸಾ? ನಿನ್ನ ದುಃಖ ನಂಗರ್ಥ ಆಗುತ್ತೆ, ಆದ್ರೆ ವಿಷ ತಂದು..."

"ನೀವು ಸುಮ್ನಿರಿ ಸರ್" ಎಂದ ಅಡೆಲಿನೊ. "ನೀವು ಪೀಪಾಯಿ ತೊಳೆಯೋದರಲ್ಲಿ ಜಾಣರು. ಇದು ನಾಲಿಗೆ ವಿಷಯ."

ರೆಜಿಸ್ ಒಂದು ಹೆಜ್ಜೆ ಹಿಂದೆ ಸರಿದ.

ಬೇಡವೆನ್ನಲು ಜಾರ್ಜೆತ್‌ಗೆ ದಾರಿಯಿತ್ತು. ಮೈ ಸರಿಯಿಲ್ಲ ಎನ್ನಬಹುದಿತ್ತು. ಅವಳು ಸುತ್ತ ನಿಂತ ಹನ್ನೊಂದು ಜನರ ಮುಖ ನೋಡಿದಳು. ಬೆನ್ನು ನೆಟ್ಟಗೆ ಮಾಡಿದಳು. "ತಟ್ಟೆ ಈ ಕಡೆ ಸರಿಸು" ಎಂದಳು.

ಚಾಕುವಿನಿಂದ ಮೊದಲ ಬಿಲ್ಲೆಯ ಅಂಚು ಕತ್ತರಿಸಿದಳು. ಮಿಕ್ಕದ್ದನ್ನು, ಅಭ್ಯಾಸದ ಬಲದಿಂದ ಎನ್ನುವಂತೆ, ನನ್ನ ಮೇಜಿಗೆ ಎಸೆದಳು. "ಹದ ನೋಡು."

ಅದು ನನ್ನ ಮುಂದೆ ಬಂದು ಬಿತ್ತು. ಎತ್ತಿಕೊಂಡು, ಬೆನ್ನು ತಿರುಗಿಸಿ, ಒಂದು ಸಲ ಕಚ್ಚಿದರೆ ಮುಗಿಯಿತು. ಒಂದು ಸಲ ಅಥವಾ ಎರಡು ಸಲ. ಅವಳ ಹೆಸರು ಉಳಿಯುತ್ತದೆ, ನನ್ನ ಕೆಲಸ ಉಳಿಯುತ್ತದೆ. ಅಡೆಲಿನೊ ಮನೆಗೆ ಹೋಗಿ ತಮ್ಮನನ್ನು ಕೊಂದ ಕೈಯನ್ನು ಸಾಯುವ ತನಕ ಕೋಟಿನೊಳಗೆ ಇಟ್ಟುಕೊಳ್ಳುತ್ತಾನೆ.

ಅವನು ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಅವಳ ಬಾಯನ್ನೇ ನೋಡುತ್ತಿದ್ದ, ಮಳೆಯ ಆ ಗುರುವಾರ ನೋಡಿದ್ದ ಹಾಗೆಯೇ ಇರಬೇಕು.

ನಾನು ಕೈಯನ್ನು ಮೇಜಿನಿಂದ ತೆಗೆದು ಏಪ್ರನ್ ಜೇಬಿಗೆ ಹಾಕಿದೆ. ಅಲ್ಲಿ ಆ ಬಿಳಿ ಚೂರು ಇತ್ತು. ಒಣಗಿ ಕಡ್ಡಿಯಾಗಿತ್ತು.

ಜಾರ್ಜೆತ್ ಮಾಸ್ಕ್ ಇಳಿಸಿ ಬಾಯಿಗೆ ಹಾಕಿಕೊಂಡಳು. ಅಗಿದಳು. ಗಡಿಯಾರ ನೋಡಿದಳು. ಕಾಲು ನಿಮಿಷ, ಅರ್ಧ ನಿಮಿಷ. ಗಡಿಯಾರ ಬಿಟ್ಟು ನನ್ನ ಕಡೆ ನೋಡಿದಳು. ಅವಳ ಕಣ್ಣುಗಳಲ್ಲಿ ಬೇಡಿಕೊಳ್ಳುವುದನ್ನು ಹದಿನೆಂಟು ವರ್ಷದಲ್ಲಿ ಮೊದಲ ಸಲ ಕಂಡೆ. ವಿಷವಾಗಿದ್ದರೆ ಏನು ಗತಿ, ಉಗುಳು ಎಂದು ಕೂಗಬೇಕು ಎಂದುಕೊಂಡೆ, ಕೂಗಲಿಲ್ಲ. ಒಂದು ನಿಮಿಷ ಆಯಿತು. ಅವಳು ತಗಡಿನ ಬೋಗುಣಿಗೆ ಉಗುಳಿದಳು.

"ಇದು ಜೆನ್ಷಿಯನ್" ಎಂದಳು. "ಬಿಸಿಲು ಕಡೆ ಇಳಿಜಾರಿನದು. ಇನ್ನೊಂದು ವರೇರ್. ಅದನ್ನ ಬಾಯಿಗೆ ಹಾಕ್ಕೊಳ್ಳೋ ಅಗತ್ಯ ಇಲ್ಲ."

ಅಡೆಲಿನೊ ಎರಡನೆಯ ಬಿಲ್ಲೆಯನ್ನು ತಟ್ಟೆಯಿಂದ ಎತ್ತಿ ತನ್ನ ಬಾಯಿಗೆ ಹಾಕಿಕೊಂಡ. ಹೆಂಗಸೊಬ್ಬಳು ಕಿರುಚಿದಳು. ಅವನು ಅಗಿದು ನುಂಗಿದ.

"ಟರ್ನಿಪ್" ಎಂದ. "ಎರಡೂ ಟರ್ನಿಪ್ಪೇ, ಮದಾಂ. ನಮ್ಮ ಹಿತ್ತಲಿಂದು. ನನ್ನ ಹೆಂಡತಿ ಒಲೆ ಮೇಲೆ ಒಣಗಿಸಿಕೊಟ್ಟಳು. ಆ ವಿಷಾನ ನಾನು ಇನ್ನೊಬ್ಬರ ಬಾಯಿಗೆ ಕೊಡ್ತೀನಾ?"

ಜಾರ್ಜೆತ್ ಅವನ ಕಡೆ ನೋಡಲಿಲ್ಲ. ನನ್ನನ್ನು ನೋಡಿದಳು. "ನೀನು ತಟ್ಟಲಿಲ್ಲ" ಎಂದಳು, ಎಲ್ಲರಿಗೂ ಕೇಳುವಂತೆ, ಲೆಕ್ಕ ತಪ್ಪಿದ ಮಗುವಿನ ಹಾಗೆ. ಆಮೇಲೆ ಹಾಲಿನ ಲೋಟ ಎತ್ತಿ ಬಾಯಿ ಮುಕ್ಕಳಿಸಿದಳು. ಮುಕ್ಕಳಿಸುತ್ತಲೇ ಇದ್ದಳು.

"ಯಾವಾಗಿಂದ?" ಎಂದು ರೆಜಿಸ್ ಕೇಳಿದ.

"ಕ್ರಿಸ್‌ಮಸ್‌ನಿಂದ" ಎಂದೆ ನಾನು. "ಏಪ್ರಿಲ್‌ನಿಂದ ನಾನು ರುಚಿ ನೋಡಿ ಅವಳಿಗೆ ಹೇಳ್ತಿದ್ದೆ. ಆ ಗುರುವಾರ ನಾನಿರಲಿಲ್ಲ."

ಅಡೆಲಿನೊ ಬಲಗೈಯನ್ನು ಕೋಟಿನಿಂದ ಹೊರಗೆ ತೆಗೆದ. ಅದನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಹಾಗಾದ್ರೆ ನಾನು ಹಾಕಿದ ಚೂರಲ್ಲ" ಎಂದ. "ನನ್ನ ಚೂರಲ್ಲ." ಮೂರನೆಯ ಸಲ ಹೇಳುವಾಗ ಅದು ಪ್ರಶ್ನೆಯಾಗಿತ್ತು.

ಆಗ ನಾನು ಜೇಬಿನ ಚೂರನ್ನು ತೆಗೆದು ಅವನ ತಟ್ಟೆಯಲ್ಲಿಟ್ಟೆ. ಅವನ ಮನಸ್ಸು ಪೂರ್ತಿ ಹಗುರವಾಗಲಿ ಎಂದು. ದೇವರಾಣೆಗೂ ಆ ಹೊತ್ತಿನಲ್ಲಿ ನನಗೆ ಬೇರೆ ಯೋಚನೆ ಇರಲಿಲ್ಲ.

"ನಿನ್ನ ಚೂರಲ್ಲ ಅಡೆಲಿನೊ. ನೋಡು, ಇದು ಆ ಮೂಟೆದು. ನನ್ನ ಯಂತ್ರದ ಕೆಳಗೆ ಸಿಕ್ತು. ಎಷ್ಟು ಬೆಳ್ಳಗಿದೆ ನೋಡು."

ಅವನು ಚೂರನ್ನು ಎತ್ತಿ ಬೆಳಕಿಗೆ ಹಿಡಿದ. ಉಗುರಿನಿಂದ ಕೆರೆದ. ಮೂಸಿದ. ತಲೆಯಾಡಿಸಿದ. ಅವನ ಭುಜಗಳು ಸ್ವಲ್ಪ ಕೆಳಗಿಳಿದವು.

"ಯಾವಾಗ ಸಿಕ್ತು ಇದು?" ಎಂದು ಕೇಳಿದ.

"ಸೋಮವಾರ."

"ಯಾವ ಸೋಮವಾರ?"

ಸೆಲ್ಸೊ ಸತ್ತ ಮೇಲಿನ ಸೋಮವಾರ ಎಂದು ಹೇಳಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಜಾರ್ಜೆತ್ ಹಾಲಿನ ಲೋಟ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು, ನಾನು ಏನು ಹೇಳುತ್ತೇನೆ ಎಂದು ಕಾಯುತ್ತಾ.

"ನಿನಗೆ ಸೀಸೆ ಕೊಟ್ರಲ್ಲ, ಆ ಶನಿವಾರಕ್ಕಿಂತ ಮುಂಚಿನ ಸೋಮವಾರ" ಎಂದೆ.

ಅವನು ಬೆರಳು ಮಡಚಿದ. ಸೋಮವಾರ, ಮಂಗಳವಾರ, ಬುಧವಾರ. ಬಾಯೊಳಗೇ ಹೇಳಿಕೊಳ್ಳುತ್ತಾ ಸೀಸೆಯ ಶನಿವಾರಕ್ಕೆ ಬಂದು ನಿಂತ. ಆ ಚೂರನ್ನು ಮತ್ತೆ ನನ್ನ ಅಂಗೈಯಲ್ಲಿಟ್ಟು ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಚ್ಚಿದ. ಒರಟು ಕೈ, ಆದರೆ ಮೆಲ್ಲಗೆ. ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡ. ಟೋಪಿ ಹಾಕಿಕೊಂಡು ಬಾಗಿಲ ಕಡೆಗೆ ನಡೆದ.